ಷರತ್ತು ಹನ್ನೊಂದು

ಗುದೈಬಿಯಾದ ಈ ಗಲ್ಲಿಯಲ್ಲಿ ಹದಿನಾರು ವರ್ಷದಿಂದ
ಬೇರೆಯವರ ಬದುಕನ್ನು ಟೈಪು ಮಾಡುತ್ತೇನೆ.
ವೀಸಾ, ಬಾಡಿಗೆ ಕರಾರು, ಕಳೆದುಹೋದ ಕಾರ್ಡಿನ ದೂರು,
ಹೆಂಡತಿಯನ್ನು ಕರೆಸಿಕೊಳ್ಳುವ ಅರ್ಜಿ.
ಪುಟಕ್ಕೆ ಅರ್ಧ ದಿನಾರು, ಅರಬ್ಬಿಯಾದರೆ ಒಂದು.

ಮಧ್ಯಾಹ್ನದ ಬಿಡುವು, ಮನಾಮಾ ಪೂರ್ತಿ ಷಟರ್ ಎಳೆದು ಮಲಗಿದ ಹೊತ್ತು,
ಇಬ್ಬರು ಬಂದರು.
ಫ್ಲೊಸ್ಸಿ ಮಸ್ಕರೇನ್ಹಸ್, ಹಡಗಿನ ಕಂಪೆನಿಯಲ್ಲಿ ಲೆಕ್ಕ ಬರೆಯುವಾಕೆ;
ಅನ್ಸಾಫ್, ಲಿಫ್ಟ್ ರಿಪೇರಿಯವ, ಉಗುರಿನ ಸಂದಿಯಲ್ಲಿ ಗ್ರೀಸು.
'ಹಾಡಿನ ಕರಾರು' ಅಂದಳು.
ಬಾಡಿಗೆ ಕರಾರಿನ ಫೈಲು ತೆರೆದಿದ್ದವ ಮುಚ್ಚಿದೆ.

ಅವಳ ಲೇಬಲ್ಲಿಗೆ ಬೋರ್ಡಿಲ್ಲ.
ಒಂದು ಕೋಣೆಯ ಫ್ಲಾಟು, ಗೋಡೆಗೆ ಒರಗಿಸಿದ ಮೂರು ಹಾಸಿಗೆ,
ಒಂದು ಒಳ್ಳೆಯ ಮೈಕು, ಎರಡು ವರ್ಷದ ಬೋನಸ್ಸು ಅದು.
ಹಾಡುವಾಗ ಏಸಿ ಆರಿಸಬೇಕು, ಇಲ್ಲದಿದ್ದರೆ ಅದರದೇ ಶ್ರುತಿ ಸೇರಿಕೊಳ್ಳುತ್ತದೆ.
ಆಗಸ್ಟಿನಲ್ಲಿ ಒಂದು ಪಲ್ಲವಿಗೆ ಒಂದು ಬನಿಯನ್ನು.
ಬಾಂಗಿಗೆ ನಿಲ್ಲಿಸಬೇಕು,
ಮೇಲಿನ ಮನೆಯ ಮಗು ಓಡಿ ದಣಿಯಲೆಂದು ಕಾಯಬೇಕು.

ದೊಡ್ಡ ಕಂಪೆನಿಗಳಿಗೂ ಕಳಿಸಿದ್ದನಂತೆ.
ಒಂದು ಕಡೆಯಿಂದ ಉತ್ತರ: ನಿಮ್ಮ ಹಿಂಬಾಲಕರೆಷ್ಟು?
'ಲಿಫ್ಟಿನ ಗುಂಡಿಯಲ್ಲಿ ನನ್ನ ಹಿಂದೆ ಹೆಲ್ಪರ್ ಒಬ್ಬನೇ'
ಎಂದು ಬರೆದನಂತೆ. ಮತ್ತೆ ಸದ್ದಿಲ್ಲ.
ಇವಳು ಮೂರು ಸಲ ಕೇಳಿ
'ಎರಡನೇ ಚರಣ ಸುಳ್ಳು, ತೆಗೆದು ಬಾ' ಅಂದಳು.
ಒಂದು ವಾರ ಸಿಟ್ಟು. ಆಮೇಲೆ ತೆಗೆದ.

ಮುಂಗಡ ನೂರಿಪ್ಪತ್ತು ದಿನಾರು, ಹೊಡೆದೆ.
'ಇದು ಸಂಬಳ ಅಲ್ಲ ಮಾರಾಯ,' ಫ್ಲೊಸ್ಸಿ ಅವನತ್ತ ತಿರುಗಿ,
'ಹಾಡು ದುಡಿದದ್ದರಲ್ಲಿ ಮೊದಲು ಇದನ್ನು ಮುರಿದುಕೊಳ್ಳುತ್ತೇನೆ,
ಮಿಕ್ಸಿಂಗಿನವನದು, ಕವರಿನ ಚಿತ್ರದ್ದು ಕೂಡ.
ಉಳಿದರೆ ಅರ್ಧ ನಿನಗೆ, ಅರ್ಧ ನನಗೆ.
ಉಳಿಯದಿದ್ದರೆ ನೀನು ನನಗೆ ಏನೂ ಕೊಡಬೇಕಾಗಿಲ್ಲ.'
ಏಜೆಂಟನ ಸಾಲ ಮೂರು ವರ್ಷ ತೀರಿಸಿದವನಿಗೆ
ಆ ಕೊನೆಯ ಸಾಲು ಹತ್ತಲಿಲ್ಲ. 'ಇನ್ನೊಮ್ಮೆ ಹೇಳಿ' ಎಂದ.
ಹೇಳಿದಳು.

ಅವಳು ತಂದ ಮಾದರಿ ಯಾವನೋ ವಕೀಲ ಯಾರಿಗೋ ಬರೆದದ್ದು.
ಹಕ್ಕಿನ ವ್ಯಾಪ್ತಿ: ಸಮಸ್ತ ಬ್ರಹ್ಮಾಂಡ.
ಬ್ರಹ್ಮಾಂಡ ಯಾಕೆ ಬೇಕು ನಿಮಗೆ, ಎಂದೆ.
ಅವಳಿಗೂ ಗೊತ್ತಿರಲಿಲ್ಲ.
'ಭೂಮಿ ಇಟ್ಟುಕೊಳ್ಳಿ,' ಅಂದ ಅನ್ಸಾಫ್, 'ಚಂದ್ರನಲ್ಲಿ ನಾನೇ ಹಾಡಿಕೊಳ್ತೇನೆ.'
ಅಳಿಸಿದೆ. ಅಳಿಸುವುದಕ್ಕೆ ದುಡ್ಡಿಲ್ಲ.

ಹನ್ನೊಂದನೆಯ ಷರತ್ತು: ಮಾಸ್ಟರ್ ಪ್ರತಿ ಲೇಬಲ್ಲಿನ ವಶದಲ್ಲಿ.
ಇಲ್ಲಿ ನನ್ನ ಬೆರಳು ನಿಂತಿತು.
ಎಷ್ಟು ಸಲ ಹೊಡೆದಿದ್ದೇನೆ ಈ ಪದವನ್ನು,
ಪಾಸ್‌ಪೋರ್ಟು ಮಾಲಕನ ವಶದಲ್ಲಿದೆ ಎಂಬ ದೂರುಗಳಲ್ಲಿ;
ತಾಯಿ ತೀರಿಕೊಂಡ ದಿನ ಬೀರುವಿನ ಕೀಲಿ ಸಿಗದವರು
ಈ ಬೆಂಚಿನ ಮೇಲೆ ಕೂತೇ ಬರೆಸಿದ್ದು.
ಅನ್ಸಾಫನೂ ಪರದೆಯಲ್ಲಿ ಅದನ್ನೇ ನೋಡುತ್ತಿದ್ದ.
ಎಷ್ಟು ಕಾಲ?
ಕೇಳಿದ್ದು ನಾನು. ನನ್ನ ಕೆಲಸವಲ್ಲ ಅದು.

ಫ್ಲೊಸ್ಸಿ ಚಹದ ಕಪ್ಪು ಕೆಳಗಿಟ್ಟಳು.
'ಮಾದರಿಯಲ್ಲಿ ಶಾಶ್ವತ ಅಂತಿದೆ.'
ಹೊರಗೆ ಯಾರದೋ ಏಸಿಯ ನೀರು ಡಬ್ಬಕ್ಕೆ ಬೀಳುತ್ತಿತ್ತು.
'ಮೂರು ಹಾಡಿನಲ್ಲಿ ಕೈ ಸುಟ್ಟುಕೊಂಡವಳು ನಾನು. ಹತ್ತು ವರ್ಷ?'
'ನನ್ನ ವೀಸಾ ಎರಡು ವರ್ಷದ್ದು.'
ಎಳೆದಾಡಿ ಐದಕ್ಕೆ ಬಂತು.
ಐದು ತುಂಬಿದ ಮರುದಿನ, ಕೇಳದೆಯೇ, ವಾಪಸು.
ಕೇಳದೆಯೇ ಎಂಬುದು ಅವಳೇ ಸೇರಿಸಿದ್ದು.

ಅವನ ಸಹಿ ಕನ್ನಡದಲ್ಲಿ, ಶಾಲೆಯ ದುಂಡಕ್ಷರ.
ನಾಲ್ಕು ಪುಟ, ಎರಡು ದಿನಾರು, ತೆಗೆದುಕೊಂಡೆ.

ಡಿಸೆಂಬರಿನಲ್ಲಿ ಮತ್ತೆ ಬಂದ, ಒಬ್ಬನೇ,
ಮೊದಲ ಲೆಕ್ಕಪತ್ರವನ್ನು ಪ್ರಿಂಟು ಹಾಕಿಸಲು.
ಗಳಿಕೆ: ನಾಲ್ಕು ದಿನಾರು ಮುನ್ನೂರ ಹತ್ತು ಫಿಲ್ಸ್.
ಮುರಿಯಬೇಕಾದ್ದು ಇನ್ನೂ ಬೆಟ್ಟದಷ್ಟು.
'ಲ್ಯಾಮಿನೇಶನ್ ಮಾಡಿ' ಎಂದ.
ಬಿಸಿ ಹಾಳೆಯ ಮೇಲೆ ಬೆರಳಿಟ್ಟು ಊರುಗಳನ್ನು ಓದಿದ:
ಮನಾಮಾ, ಮಂಗಳೂರು, ದಮ್ಮಾಮ್,
ಪೋರ್ಚುಗಲ್ಲಿನ ಯಾವುದೋ ಊರು, ಕೇಳುಗ ಒಬ್ಬ, ಹನ್ನೊಂದು ಸಲ.
'ಯಾರಿರಬಹುದು ಇವ?'
ನನಗೆ ಗೊತ್ತಿರುತ್ತದೇನೋ ಎಂಬಂತೆ ನನ್ನನ್ನೇ ಕೇಳಿದ.
ನನಗೆ ಗೊತ್ತಿರುವುದು ಆ ಹಾಡಿನ ಷರತ್ತುಗಳು ಮಾತ್ರ.